ಪಕ್ಷಗಳ ದೇಣಿಗೆ, ರಕ್ಷಣೆಯ ವೆಚ್ಚ ಮತ್ತು ವರ್ತಕನ ಲೆಕ್ಕ

2017ರ ಹಣಕಾಸು ಕಾಯಿದೆಯನ್ನು ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ವರ್ತಕರು ಸುಲಭವಾಗಿ ಮರೆಯುವಂತಿಲ್ಲ. ವ್ಯಾಪಾರದ ಖರ್ಚಿನ ಬಾಬ್ತು ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ನಗದಾಗಿ ಪಾವತಿಸಬಹುದಾದ ಮೊತ್ತವನ್ನು ಆ ಕಾಯಿದೆ 20,000 ರೂಪಾಯಿಗಳಿಂದ 10,000 ರೂಪಾಯಿಗಳಿಗೆ ಇಳಿಸಿತು. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಗದು ಸ್ವೀಕರಿಸುವುದನ್ನು ನಿಷೇಧಿಸಿ, ಸ್ವೀಕರಿಸಿದಷ್ಟೇ ಮೊತ್ತದ ದಂಡವನ್ನು ಗೊತ್ತುಪಡಿಸಿತು. ಬೆಳೆಗಾರನಿಂದ ನೇರವಾಗಿ ಅಡಿಕೆ ಕೊಳ್ಳುವಾಗ ಮೊದಲನೆಯ ನಿಯಮಕ್ಕೆ ವಿನಾಯಿತಿಯಿದ್ದರೂ, ಗಾರ್ಬಲಿನಿಂದ ಗಾರ್ಬಲಿಗೆ, ವರ್ತಕನಿಂದ ವರ್ತಕನಿಗೆ ಸಾಗುವ ಸರಕಿಗೆ ಅದು ಅನ್ವಯಿಸಲಿಲ್ಲ. ಹಣ ಯಾರಿಂದ ಬಂದಿತು, ಯಾರಿಗೆ ಹೋಯಿತು ಎಂಬುದು ದಾಖಲಾಗಬೇಕೆಂಬ ತತ್ತ್ವವನ್ನು ವರ್ತಕ ಸಮುದಾಯ ಗೊಣಗುತ್ತಲೇ ಆದರೂ ಒಪ್ಪಿಕೊಂಡಿತು. ಆ ತತ್ತ್ವದಲ್ಲಿ ತಪ್ಪೇನೂ ಇರಲಿಲ್ಲ.

ಅದೇ ಕಾಯಿದೆಯ ಬೇರೆ ವಿಭಾಗಗಳಲ್ಲಿ ಇದಕ್ಕೆ ನೇರ ವಿರುದ್ಧವಾದ ವ್ಯವಸ್ಥೆಯಿತ್ತು. ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 7.5ಕ್ಕಿಂತ ಹೆಚ್ಚು ಹಣವನ್ನು ರಾಜಕೀಯ ಪಕ್ಷಗಳಿಗೆ ನೀಡಬಾರದೆಂಬ ಮಿತಿಯನ್ನು ತೆಗೆದುಹಾಕಲಾಯಿತು. ಯಾವ ಪಕ್ಷಕ್ಕೆ ಎಷ್ಟು ನೀಡಲಾಯಿತು ಎಂಬುದನ್ನು ಲಾಭನಷ್ಟದ ತಃಖ್ತೆಯಲ್ಲಿ ತೋರಿಸುವ ಅಗತ್ಯವನ್ನು ರದ್ದುಪಡಿಸಿ, ಒಟ್ಟು ಮೊತ್ತವನ್ನು ತೋರಿಸಿದರೆ ಸಾಕೆಂದು ಹೇಳಲಾಯಿತು. ನೀಡಿದವರ ಹೆಸರು ಮತದಾರನಿಗೆ ತಿಳಿಯದಂತಹ ಚುನಾವಣಾ ಬಾಂಡುಗಳಿಗೆ ದಾರಿ ಮಾಡಿಕೊಡಲಾಯಿತು. ಪಕ್ಷಗಳು ಅನಾಮಧೇಯ ನಗದು ದೇಣಿಗೆ ಪಡೆಯುವ ಮಿತಿಯನ್ನು 20,000 ರೂಪಾಯಿಗಳಿಂದ 2,000 ರೂಪಾಯಿಗಳಿಗೆ ಇಳಿಸಿದ್ದೇನೋ ನಿಜ. ಆದರೆ ಕೋಟಿಗಳ ಲೆಕ್ಕದ ಅನಾಮಧೇಯತೆಗೆ ಬ್ಯಾಂಕಿನ ಬಾಗಿಲನ್ನೇ ತೆರೆದ ಮೇಲೆ, ಸಾವಿರಗಳ ಲೆಕ್ಕದ ಕಿಂಡಿಯನ್ನು ಮುಚ್ಚಿದ್ದರಿಂದ ದೊರೆತ ಪ್ರಯೋಜನ ಅಲ್ಪ.

ಒಂದೇ ಕಾಯಿದೆ ಅಂಗಡಿಯವನಿಗೆ ಒಂದು ನ್ಯಾಯವನ್ನೂ ಪಕ್ಷಗಳಿಗೆ ಇನ್ನೊಂದು ನ್ಯಾಯವನ್ನೂ ವಿಧಿಸಿತು. ಈ ಎರಡನೆಯ ನ್ಯಾಯಕ್ಕೆ ಅಂತಿಮವಾಗಿ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ದೆಹಲಿಗೆ ಮಾತ್ರ ಸಂಬಂಧಿಸಿದ್ದಲ್ಲ. ದೇಶದ ಅತಿ ದೊಡ್ಡ ಖರೀದಿದಾರ ಸರ್ಕಾರವೇ. ಆ ಸರ್ಕಾರದ ಖರೀದಿಗಳಲ್ಲಿ ಅತ್ಯಂತ ದುಬಾರಿಯಾದವು ಮತ್ತು ಅತ್ಯಂತ ಕಡಿಮೆ ಚರ್ಚೆಗೆ ಒಳಗಾಗುವವು ರಕ್ಷಣಾ ಖರೀದಿಗಳು. ಮಾರುವವನೇ ಖರೀದಿದಾರನ ಚುನಾವಣಾ ವೆಚ್ಚಕ್ಕೆ ಹಣ ನೀಡಬಹುದಾದ ಸ್ಥಿತಿಯಲ್ಲಿ, ಬೆಲೆ ಸರಿಯಾಗಿದೆಯೇ ಎಂದು ಕೇಳಬೇಕಾದವರು ಯಾರು?

ಅರವತ್ತು ವರ್ಷಗಳ ಏರಿಳಿತ

ಕಂಪನಿಗಳ ದೇಣಿಗೆಯ ಪ್ರಶ್ನೆ ಹೊಸದಲ್ಲ. 1957ರಲ್ಲಿ ಟಾಟಾ ಉಕ್ಕಿನ ಕಂಪನಿ ರಾಜಕೀಯ ಪಕ್ಷಗಳಿಗೆ ಹಣ ನೀಡಲು ಅನುಕೂಲವಾಗುವಂತೆ ತನ್ನ ಸಂಘಟನಾ ಪತ್ರವನ್ನು ತಿದ್ದಲು ಬಯಸಿದಾಗ, ವಿಷಯ ಬೊಂಬಾಯಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಅವರು ಅಂದಿನ ಕಾನೂನಿನಂತೆ ಅನುಮತಿ ನೀಡಿದರಾದರೂ, ಇದು ಪ್ರಜಾಪ್ರಭುತ್ವಕ್ಕೆ ಅಪಾಯಕಾರಿಯಾಗಿ ಬೆಳೆಯಬಹುದೆಂದು ಸಂಸತ್ತನ್ನು ಎಚ್ಚರಿಸಿದರು. 1960ರಲ್ಲಿ ಕಂಪನಿ ಕಾಯಿದೆಗೆ ತಿದ್ದುಪಡಿ ತಂದು ಮಿತಿ ವಿಧಿಸಲಾಯಿತು. 1969ರಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಕಂಪನಿ ದೇಣಿಗೆಯನ್ನು ಪೂರ್ಣವಾಗಿ ನಿಷೇಧಿಸಿತು. ನಿಷೇಧದಿಂದ ದೇಣಿಗೆ ನಿಲ್ಲಲಿಲ್ಲ. ಅದು ಖಾತೆಪುಸ್ತಕದಿಂದ ಹೊರಬಿದ್ದು ಕಪ್ಪುಹಣವಾಗಿ ಹರಿಯಿತು. 1985ರಲ್ಲಿ ಶೇಕಡಾ 5ರ ಮಿತಿಯೊಡನೆ ಮತ್ತೆ ಅವಕಾಶ ನೀಡಲಾಯಿತು. 2003ರಲ್ಲಿ ಇಂತಹ ದೇಣಿಗೆಗೆ ಆದಾಯ ತೆರಿಗೆಯ ಪೂರ್ಣ ರಿಯಾಯಿತಿ ದೊರೆಯಿತು. 2013ರ ಕಂಪನಿ ಕಾಯಿದೆಯ 182ನೆಯ ವಿಭಾಗ ಮಿತಿಯನ್ನು ಶೇಕಡಾ 7.5ಕ್ಕೆ ಏರಿಸಿ, ಸರ್ಕಾರಿ ಕಂಪನಿಗಳೂ ಮೂರು ವರ್ಷ ತುಂಬದ ಕಂಪನಿಗಳೂ ದೇಣಿಗೆ ನೀಡಬಾರದೆಂದು ನಿರ್ಬಂಧಿಸಿತು.

ಈ ಅವಧಿಯಲ್ಲಿ ಹಲವು ಸರ್ಕಾರಗಳು ಬಂದು ಹೋದವು. ನಿಯಮಗಳು ಬಿಗಿಯಾಗಿದ್ದೂ ಸಡಿಲವಾಗಿದ್ದೂ ಉಂಟು. ಆದರೆ ಪಕ್ಷಗಳ ಲೆಕ್ಕವನ್ನು ಪಕ್ಷಗಳೇ ನೇಮಿಸದ ಸ್ವತಂತ್ರ ಪರಿಶೋಧಕರು ಪರಿಶೋಧಿಸಬೇಕೆಂಬ ನಿಯಮ ಮಾತ್ರ ಯಾವ ಸರ್ಕಾರದ ಕಾಲದಲ್ಲಿಯೂ ಬರಲಿಲ್ಲ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗವು ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ ಎಂದು ಆದೇಶಿಸಿದಾಗ, ಬಲ, ಎಡ, ಮಧ್ಯ ಎಂಬ ಭೇದವಿಲ್ಲದೆ ಅವು ಆದೇಶವನ್ನು ಪಾಲಿಸದೆ ಉಳಿದವು. ಬೇರೆಲ್ಲ ವಿಷಯಗಳಲ್ಲಿ ಹಾವು ಮುಂಗುಸಿಗಳಂತಿರುವವರು ತಮ್ಮ ಲೆಕ್ಕದ ಪುಸ್ತಕದ ವಿಷಯದಲ್ಲಿ ಒಂದಾದರು.

1976ರ ಆಗಸ್ಟ್ 5ರಿಂದ ಅನ್ವಯ

ಈ ಒಮ್ಮತಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. ಬ್ರಿಟನ್ನಿನಲ್ಲಿ ನೋಂದಾಯಿತವಾಗಿದ್ದ ವೇದಾಂತ ಸಂಸ್ಥೆಯ ಅಧೀನ ಕಂಪನಿಗಳಿಂದ ಕಾಂಗ್ರೆಸ್ ಮತ್ತು ಭಾರತೀಯ ಜನತಾ ಪಕ್ಷಗಳೆರಡೂ ದೇಣಿಗೆ ಪಡೆದಿದ್ದವು. ಇದು ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಉಲ್ಲಂಘನೆಯೆಂದು 2014ರ ಮಾರ್ಚ್ 28ರಂದು ದೆಹಲಿ ಉಚ್ಚ ನ್ಯಾಯಾಲಯ ಅಭಿಪ್ರಾಯಪಟ್ಟು, ಕ್ರಮ ಕೈಗೊಳ್ಳುವಂತೆ ಸರ್ಕಾರಕ್ಕೂ ಚುನಾವಣಾ ಆಯೋಗಕ್ಕೂ ನಿರ್ದೇಶನ ನೀಡಿತು. ಎರಡೂ ಪಕ್ಷಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. 2016ರ ಹಣಕಾಸು ಕಾಯಿದೆಯ ಮೂಲಕ ‘ವಿದೇಶಿ ಮೂಲ’ ಎಂಬ ಪದದ ವ್ಯಾಖ್ಯೆಯನ್ನು 2010ರ ಸೆಪ್ಟೆಂಬರ್ 26ರಿಂದ ಪೂರ್ವಾನ್ವಯವಾಗುವಂತೆ ಬದಲಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಎರಡೂ ಪಕ್ಷಗಳು ತಮ್ಮ ಮೇಲ್ಮನವಿಗಳನ್ನು ಹಿಂತೆಗೆದುಕೊಂಡವು.

ಆದರೆ ಒಂದು ತೊಡಕು ಉಳಿದಿತ್ತು. ಪ್ರಶ್ನೆಗೆ ಒಳಗಾದ ದೇಣಿಗೆಗಳು 2010ರ ಕಾಯಿದೆಗೆ ಮೊದಲಿನವಾದ್ದರಿಂದ ಅವು 1976ರ ಹಳೆಯ ಕಾಯಿದೆಯ ವ್ಯಾಪ್ತಿಗೆ ಬರುತ್ತಿದ್ದವು. ಆದಕಾರಣ 2018ರ ಹಣಕಾಸು ಮಸೂದೆಯಲ್ಲಿ ಆ ದಿನಾಂಕವನ್ನು 1976ರ ಆಗಸ್ಟ್ 5ಕ್ಕೆ ಒಯ್ಯಲಾಯಿತು. ಹೀಗೆ ನಾಲ್ವತ್ತೊಂದು ವರ್ಷಗಳಿಗೂ ಮಿಕ್ಕಿದ ಹಿಂದಿನ ಅವಧಿಗೆ ಕಾನೂನಿನ ಅರ್ಥವೇ ಬದಲಾಯಿತು. ಜಿಎಸ್‌ಟಿ ವಿವರಪತ್ರ ತಡವಾಯಿತೆಂಬ ಒಂದೇ ಕಾರಣಕ್ಕೆ ಹೂಡುವಳಿ ತೆರಿಗೆ ಜಮೆಯನ್ನು ಕಳೆದುಕೊಂಡ ಸಣ್ಣ ವರ್ತಕರಿಗೂ 2024ರಲ್ಲಿ ಪೂರ್ವಾನ್ವಯದ ಪರಿಹಾರ ದೊರೆತದ್ದುಂಟು. ಆದರೆ ಅದಕ್ಕಾಗಿ ಅವರು ವರ್ಷಗಟ್ಟಲೆ ನೋಟೀಸುಗಳನ್ನೂ ಮೇಲ್ಮನವಿಗಳನ್ನೂ ಎದುರಿಸಬೇಕಾಯಿತು. ಪಡೆದ ಪರಿಹಾರವೂ 2020-21ರವರೆಗಿನ ನಾಲ್ಕು ವರ್ಷಗಳಿಗೆ ಸೀಮಿತವಾಗಿತ್ತು.

2018ರ ಮಾರ್ಚ್ 14ರಂದು ಆ ಹಣಕಾಸು ಮಸೂದೆಗೆ ಲೋಕಸಭೆ ಗದ್ದಲದ ನಡುವೆ ಚರ್ಚೆಯಿಲ್ಲದೆ ಒಪ್ಪಿಗೆ ನೀಡಿತು. ಸಂಸತ್ತಿನ ಭಾಷೆಯಲ್ಲಿ ಗಿಲೊಟಿನ್ ಎನಿಸಿಕೊಳ್ಳುವ ಪದ್ಧತಿಯಂತೆ, ಅದೇ ದಿನ ಸುಮಾರು ಅರ್ಧ ಗಂಟೆಯಲ್ಲಿ ಎಲ್ಲ ಸಚಿವಾಲಯಗಳ ಬೇಡಿಕೆಗಳೂ ಮಂಜೂರಾದವು. ಅವುಗಳಲ್ಲಿ ನಿವೃತ್ತಿ ವೇತನವೂ ಸೇರಿ 4 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿದ ರಕ್ಷಣಾ ಬೇಡಿಕೆಗಳೂ ಇದ್ದವು. ಪಕ್ಷಗಳಿಗೆ ಬಂದ ದೇಣಿಗೆಯ ದೋಷ ಪರಿಹಾರವಾದದ್ದೂ ದೇಶದ ರಕ್ಷಣಾ ವೆಚ್ಚ ಪ್ರಶ್ನೆಯಿಲ್ಲದೆ ಮಂಜೂರಾದದ್ದೂ ಒಂದೇ ದಿನ, ಒಂದೇ ಅರ್ಧ ಗಂಟೆಯಲ್ಲಿ. ಗದ್ದಲ ಮಾಡಿದವರು ವಿರೋಧ ಪಕ್ಷದವರು. ಗದ್ದಲವನ್ನು ಬಳಸಿಕೊಂಡವರು ಆಡಳಿತ ಪಕ್ಷದವರು. ಪ್ರಯೋಜನ ಪಡೆದವರಲ್ಲಿ ಇಬ್ಬರೂ ಇದ್ದರು.

ಬಾಂಡುಗಳ ಲೆಕ್ಕ

ಎಲ್ಲರೂ ಎಲ್ಲ ಸಂದರ್ಭಗಳಲ್ಲಿಯೂ ಸುಮ್ಮನಿದ್ದರೆಂದು ಹೇಳುವುದು ನ್ಯಾಯವಾಗದು. 2017ರಲ್ಲಿ ಕಂಪನಿ ದೇಣಿಗೆಯ ಮಿತಿಯನ್ನು ಉಳಿಸಬೇಕೆಂದು ರಾಜ್ಯಸಭೆ ಶಿಫಾರಸು ಮಾಡಿತ್ತು. ಹಣಕಾಸು ಮಸೂದೆಯಾದ್ದರಿಂದ ಲೋಕಸಭೆ ಅದನ್ನು ತಳ್ಳಿಹಾಕಿತು. ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷವು ಬಾಂಡುಗಳನ್ನು ಸ್ವೀಕರಿಸದೆ ನ್ಯಾಯಾಲಯದ ಮೊರೆ ಹೋಯಿತು. ಉಳಿದ ಹಲವು ಪ್ರಮುಖ ಪಕ್ಷಗಳು ಭಾಷಣದಲ್ಲಿ ಟೀಕಿಸಿದರೂ ಬ್ಯಾಂಕಿನಲ್ಲಿ ನಗದೀಕರಿಸಿಕೊಂಡವು.

2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಬಾಂಡು ಯೋಜನೆಯನ್ನು ಅಸಾಂವಿಧಾನಿಕವೆಂದು ಒಮ್ಮತದಿಂದ ರದ್ದುಪಡಿಸಿತು. ಅಷ್ಟರಲ್ಲಿ 30 ಕಂತುಗಳಲ್ಲಿ 16,500 ಕೋಟಿ ರೂಪಾಯಿಗೂ ಹೆಚ್ಚಿನ ಬಾಂಡುಗಳು ಮಾರಾಟವಾಗಿದ್ದವು. ಕಂಪನಿ ದೇಣಿಗೆಯ ಮಿತಿಯನ್ನು ತೆಗೆದ ತಿದ್ದುಪಡಿಯೂ ಅದೇ ತೀರ್ಪಿನಲ್ಲಿ ಬಿದ್ದುಹೋಯಿತು. ಕಂಪನಿಗಳ ದೇಣಿಗೆ ಪ್ರತಿಫಲವನ್ನು ನಿರೀಕ್ಷಿಸುವ ವ್ಯವಹಾರವೇ ಆಗಿರುತ್ತದೆ, ಅದನ್ನು ಸಾಮಾನ್ಯ ನಾಗರಿಕನ ದೇಣಿಗೆಯೊಡನೆ ಸಮಾನವಾಗಿ ನೋಡಲಾಗದು ಎಂಬ ನ್ಯಾಯಾಲಯದ ಅಭಿಪ್ರಾಯ ವ್ಯಾಪಾರ ಬಲ್ಲವರಿಗೆ ಆಶ್ಚರ್ಯ ತರುವಂಥದ್ದಲ್ಲ. ಲಾಭಕ್ಕಾಗಿ ಸ್ಥಾಪಿತವಾದ ಸಂಸ್ಥೆ ಕೋಟಿಗಟ್ಟಲೆ ಹಣವನ್ನು ಕಾರಣವಿಲ್ಲದೆ ಕೊಡುವುದಿಲ್ಲ.

ನ್ಯಾಯಾಲಯದ ಆದೇಶದಿಂದ ಹೊರಬಂದ, 2019ರ ಏಪ್ರಿಲ್‌ನಿಂದ ಈಚಿನ ವಿವರಗಳ ಪ್ರಕಾರ ಭಾರತೀಯ ಜನತಾ ಪಕ್ಷ 6,000 ಕೋಟಿ ರೂಪಾಯಿಗೂ, ತೃಣಮೂಲ ಕಾಂಗ್ರೆಸ್ 1,600 ಕೋಟಿಗೂ, ಕಾಂಗ್ರೆಸ್ 1,400 ಕೋಟಿಗೂ ಹೆಚ್ಚಿನ ಬಾಂಡುಗಳನ್ನು ನಗದೀಕರಿಸಿದ್ದವು. ಕರ್ನಾಟಕದ ಜಾತ್ಯತೀತ ಜನತಾದಳಕ್ಕೂ ಸುಮಾರು 90 ಕೋಟಿ ರೂಪಾಯಿ ಬಂದಿತ್ತು. ಬಾಂಡುಗಳು ಹೋದ ಬಳಿಕ ಅದೇ ಹಣ ಚುನಾವಣಾ ಟ್ರಸ್ಟುಗಳ ಮೂಲಕ ಹರಿಯುತ್ತಿದೆ. 2024-25ರಲ್ಲಿ ಈ ಟ್ರಸ್ಟುಗಳು ಹಂಚಿದ ಸುಮಾರು 3,800 ಕೋಟಿ ರೂಪಾಯಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಕೇಂದ್ರದಲ್ಲಿ ಆಡಳಿತದಲ್ಲಿರುವ ಪಕ್ಷಕ್ಕೆ ಸಂದಿತು.

ಈ ಅಂಕಿಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಂಪನಿಗಳು ಎರಡೂ ಪಕ್ಷಗಳಿಗೆ ಸಮನಾಗಿ ಹಂಚುವುದಿಲ್ಲ. ಹಣ ಅಧಿಕಾರವನ್ನು ಹಿಂಬಾಲಿಸುತ್ತದೆ. ಇಂದು ಹೆಚ್ಚು ಪಡೆದವರು ನಾಳೆ ಕಡಿಮೆ ಪಡೆಯಬಹುದು. ಸಮಾನತೆಯಿರುವುದು ಮೊತ್ತದಲ್ಲಲ್ಲ, ನಿಯಮವನ್ನು ಬಿಗಿಗೊಳಿಸದಿರುವ ಆಸಕ್ತಿಯಲ್ಲಿ. ಅಧಿಕಾರದಲ್ಲಿಲ್ಲದ ಪಕ್ಷವೂ ತನ್ನ ಸರದಿಗಾಗಿ ಆ ಬಾಗಿಲನ್ನು ತೆರೆದಿಡಲು ಬಯಸುತ್ತದೆ.

ರಕ್ಷಣಾ ಖರೀದಿಯ ಎರಡು ಪಾಠಗಳು

2025-26ರ ಕೇಂದ್ರ ಆಯವ್ಯಯದಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ ರೂಪಾಯಿ ಮೀಸಲಾಯಿತು. ಅಂದರೆ ಕೇಂದ್ರ ಸರ್ಕಾರ ವೆಚ್ಚ ಮಾಡುವ ಪ್ರತಿ ನೂರು ರೂಪಾಯಿಗಳಲ್ಲಿ ಹದಿಮೂರು ರೂಪಾಯಿಗೂ ಹೆಚ್ಚು. ಇದರಲ್ಲಿ ಸೈನಿಕರ ವೇತನ ಮತ್ತು ನಿವೃತ್ತಿ ವೇತನಗಳ ಪಾಲು ದೊಡ್ಡದು. ಅದನ್ನು ದುಂದುವೆಚ್ಚವೆಂದು ಯಾರೂ ಹೇಳಲಾರರು. ಗಡಿಯಲ್ಲಿ ಎರಡು ಬಲಿಷ್ಠ ನೆರೆರಾಷ್ಟ್ರಗಳಿರುವಾಗ ಸೈನ್ಯಕ್ಕೆ ಉತ್ತಮ ಶಸ್ತ್ರಾಸ್ತ್ರ ಬೇಕೆಂಬುದರಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ಪ್ರಶ್ನೆಯಿರುವುದು ಹೊಸ ಶಸ್ತ್ರಾಸ್ತ್ರ ಮತ್ತು ಉಪಕರಣಗಳ ಖರೀದಿಗಾಗಿರುವ ಬಂಡವಾಳ ವೆಚ್ಚದ ವಿಷಯದಲ್ಲಿ. 2025-26ರಲ್ಲಿ ಅದು 1.80 ಲಕ್ಷ ಕೋಟಿ ರೂಪಾಯಿ.

ಮೊದಲನೆಯ ಪಾಠ ಬೊಫೋರ್ಸ್. 1986ರ ಮಾರ್ಚ್ 24ರಂದು 1,437 ಕೋಟಿ ರೂಪಾಯಿಗಳಿಗೆ 400 ಹೋವಿಟ್ಜರ್ ಫಿರಂಗಿಗಳ ಒಪ್ಪಂದವಾಯಿತು. 1987ರ ಏಪ್ರಿಲ್ 16ರಂದು ಸ್ವೀಡನ್ನಿನ ರೇಡಿಯೋ ಲಂಚದ ಆರೋಪವನ್ನು ಪ್ರಸಾರ ಮಾಡಿತು. ದೆಹಲಿ ಉಚ್ಚ ನ್ಯಾಯಾಲಯ 2004ರಲ್ಲಿ ರಾಜೀವ್ ಗಾಂಧಿಯವರ ಮೇಲಿನ ಆರೋಪಗಳನ್ನೂ 2005ರಲ್ಲಿ ಹಿಂದುಜಾ ಸಹೋದರರ ಮೇಲಿನ ಆರೋಪಗಳನ್ನೂ ರದ್ದುಪಡಿಸಿತು. 2011ರಲ್ಲಿ ದೆಹಲಿಯ ನ್ಯಾಯಾಲಯವೊಂದು ಕ್ವಟ್ರೋಕಿ ವಿರುದ್ಧದ ಮೊಕದ್ದಮೆಯನ್ನು ಕೈಬಿಡಲು ಅನುಮತಿಸುವಾಗ, 64 ಕೋಟಿ ರೂಪಾಯಿಗಳ ಲಂಚದ ತನಿಖೆಗೆ 250 ಕೋಟಿ ರೂಪಾಯಿ ವ್ಯಯವಾದುದನ್ನು ಪ್ರಸ್ತಾಪಿಸಿತು. ನಿಜವಾದ ನಷ್ಟ ಈ ಯಾವ ಅಂಕಿಯಲ್ಲಿಯೂ ಇಲ್ಲ. ಹಗರಣದ ಭಯದಿಂದ ಮುಂದಿನ ಸರ್ಕಾರಗಳು ಫಿರಂಗಿ ಖರೀದಿಯ ಕಡತಕ್ಕೆ ಸಹಿ ಹಾಕಲು ಹಿಂಜರಿದವು. 1999ರಲ್ಲಿ ಕಾರ್ಗಿಲ್ ಶಿಖರಗಳಲ್ಲಿ ಅದೇ ಫಿರಂಗಿಗಳು ಗೆಲುವಿಗೆ ನೆರವಾದವು. ಆದರೂ ವಿದೇಶದಿಂದ ಹೊಸ ಹೋವಿಟ್ಜರ್ ಭಾರತದ ನೆಲಕ್ಕೆ ಬಂದದ್ದು 2017ರಲ್ಲಿ. ಒಂದು ವ್ಯವಹಾರದ ಗೌಪ್ಯತೆಗೆ ಸೈನ್ಯ ಮೂರು ದಶಕಗಳ ಬೆಲೆ ತೆತ್ತಿತು.

ಎರಡನೆಯದು ಗಣ್ಯರ ಹೆಲಿಕಾಪ್ಟರುಗಳದು. ಹೆಲಿಕಾಪ್ಟರ್ 6,000 ಮೀಟರ್ ಎತ್ತರಕ್ಕೆ ಏರಬೇಕೆಂಬ ಮೂಲ ಷರತ್ತನ್ನು 4,500 ಮೀಟರಿಗೆ ಇಳಿಸುವ ಪ್ರಕ್ರಿಯೆ ವಾಜಪೇಯಿಯವರ ಸರ್ಕಾರದ ಅವಧಿಯಲ್ಲಿ, 2003ರಲ್ಲಿ, ಆರಂಭವಾಯಿತು. ಅಗಸ್ಟಾ ವೆಸ್ಟ್‌ಲ್ಯಾಂಡ್ ಕಂಪನಿಯೊಡನೆ 12 ಹೆಲಿಕಾಪ್ಟರುಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು ಮನಮೋಹನ ಸಿಂಗ್ ಅವರ ಸರ್ಕಾರದ ಅವಧಿಯಲ್ಲಿ, 2010ರ ಫೆಬ್ರವರಿಯಲ್ಲಿ. ಒಪ್ಪಂದದ ಮೌಲ್ಯ ಸುಮಾರು 3,600 ಕೋಟಿ ರೂಪಾಯಿ. 2013ರ ವರದಿಯಲ್ಲಿ ಮಹಾಲೇಖಪಾಲರು ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಮಾರಾಟಗಾರ ಕೇಳಿದ ಬೆಲೆ 3,966 ಕೋಟಿ ರೂಪಾಯಿಯಾಗಿದ್ದರೆ, ಚೌಕಾಸಿಗೆ ಕುಳಿತ ಸಮಿತಿ ತಾನೇ ಅಂದಾಜಿಸಿದ ಆಧಾರ ಬೆಲೆ 4,870 ಕೋಟಿಗೂ ಹೆಚ್ಚು! ಪುತ್ತೂರಿನ ಸಂತೆಯಲ್ಲಿ ತರಕಾರಿ ಕೊಳ್ಳುವವನೂ ಮಾರುವವನ ಬೆಲೆಗಿಂತ ಮೇಲಿನ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಚೌಕಾಸಿ ಆರಂಭಿಸಲಾರ. 2014ರ ಜನವರಿ 1ರಂದು ಒಪ್ಪಂದ ರದ್ದಾಯಿತು. ಅಷ್ಟರಲ್ಲಿ ಬಂದಿದ್ದವು ಮೂರೇ ಹೆಲಿಕಾಪ್ಟರುಗಳು. ಇಟಲಿಯ ನ್ಯಾಯಾಲಯ 2018ರಲ್ಲಿ ಕಂಪನಿಯ ಹಿರಿಯ ಅಧಿಕಾರಿಗಳನ್ನು ಖುಲಾಸೆಗೊಳಿಸಿತು. ಅಪರಾಧ ನಡೆಯಿತೋ ಇಲ್ಲವೋ ಎಂಬುದು ನ್ಯಾಯಾಲಯಗಳಿಗೆ ಬಿಟ್ಟ ವಿಷಯ. ಲೆಕ್ಕದ ದೃಷ್ಟಿಯಿಂದ ನೋಡಿದರೆ ಎರಡು ಸರ್ಕಾರಗಳ ಕೈದಾಟಿ ಬಂದ ಈ ಖರೀದಿಯಲ್ಲಿ ಹಣವೂ ಸಮಯವೂ ಪೋಲಾದದ್ದು ನಿರ್ವಿವಾದ.

ಇಂತಹ ಮೊತ್ತಗಳ ಗಾತ್ರವನ್ನು ಅರಿಯಲು ಊರಿನ ಒಂದು ಅಳತೆಗೋಲು ಸಾಕು. ಸುಳ್ಯದ ಸಂಪಾಜೆ ಭಾಗದಿಂದ ತೋಟಗಳನ್ನು ಬರಿದು ಮಾಡುತ್ತ ಬಂದಿರುವ ಅಡಿಕೆಯ ಹಳದಿ ಎಲೆ ರೋಗಕ್ಕೆ ಸಂಬಂಧಿಸಿದ ಸಂಶೋಧನೆ ಮತ್ತು ಪರ್ಯಾಯ ಬೆಳೆಗಾಗಿ 2021-22ರ ರಾಜ್ಯ ಆಯವ್ಯಯದಲ್ಲಿ ಘೋಷಣೆಯಾದದ್ದು 25 ಕೋಟಿ ರೂಪಾಯಿ.

ಬದಲಾದ ಪರಿಸ್ಥಿತಿ

ಕೆಲವರು ಕೇಳಬಹುದು: ಈ ಹಗರಣಗಳಿಗೂ ಭಾರತೀಯ ಕಂಪನಿಗಳ ದೇಣಿಗೆಗೂ ಏನು ಸಂಬಂಧ? ಪ್ರಶ್ನೆ ಸರಿಯಾದುದೇ. ಹಿಂದೆ ಸಂಬಂಧ ಕಡಿಮೆಯಿತ್ತು. ಸ್ವಾತಂತ್ರ್ಯಾನಂತರದ ಅರ್ಧ ಶತಮಾನ ರಕ್ಷಣಾ ಉತ್ಪಾದನೆ ಸರ್ಕಾರಿ ಸಂಸ್ಥೆಗಳ ಕೈಯಲ್ಲಿತ್ತು. ಅವುಗಳಲ್ಲಿ ಪ್ರಮುಖವಾದವು ಕರ್ನಾಟಕದಲ್ಲಿಯೇ ಇವೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಯೋಗದಲ್ಲಿ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ, ಮುಂದೆ ಎಚ್‌ಎಎಲ್ ಆದ ಕಾರ್ಖಾನೆ, 1954ರ ಭಾರತ್ ಎಲೆಕ್ಟ್ರಾನಿಕ್ಸ್, 1964ರ ಬಿಇಎಂಎಲ್. ಸರ್ಕಾರಿ ಕಂಪನಿಗಳಾದ್ದರಿಂದ ಇವು ಯಾವ ಪಕ್ಷಕ್ಕೂ ಒಂದು ರೂಪಾಯಿ ದೇಣಿಗೆ ಕೊಡುವಂತಿಲ್ಲ. ಲಂಚದ ಆರೋಪಗಳು ಕೇಳಿಬಂದದ್ದು ವಿದೇಶಿ ಮಾರಾಟಗಾರರ ಮಧ್ಯವರ್ತಿಗಳ ಮೇಲೆ.

2001ರಲ್ಲಿ ರಕ್ಷಣಾ ಉತ್ಪಾದನೆಯನ್ನು ಖಾಸಗಿ ರಂಗಕ್ಕೆ ತೆರೆಯಲಾಯಿತು. 2020ರಲ್ಲಿ ನೇರ ಅನುಮತಿಯ ಮಾರ್ಗದಲ್ಲಿ ವಿದೇಶಿ ಬಂಡವಾಳದ ಮಿತಿಯನ್ನು ಶೇಕಡಾ 74ಕ್ಕೆ ಏರಿಸಲಾಯಿತು. ಇದು ಸ್ವಾಗತಾರ್ಹ ಬೆಳವಣಿಗೆ. ದೇಶದಲ್ಲಿಯೇ ತಯಾರಾದರೆ ಹಣ ದೇಶದಲ್ಲಿ ಉಳಿಯುತ್ತದೆ. ಬಿಡಿಭಾಗಗಳ ಕೆಲಸ ಸಣ್ಣ ಘಟಕಗಳಿಗೂ ದೊರೆಯುತ್ತದೆ. ಆದರೆ ಇದರೊಂದಿಗೆ ಹೊಸ ಸ್ಥಿತಿಯೊಂದು ಹುಟ್ಟಿದೆ. ಸರ್ಕಾರಕ್ಕೆ ಶಸ್ತ್ರಾಸ್ತ್ರ ಮಾರುವ ಖಾಸಗಿ ಕಂಪನಿ ಅದೇ ಸರ್ಕಾರವನ್ನು ನಡೆಸುವ ಪಕ್ಷಕ್ಕೂ ಮುಂದೆ ನಡೆಸಬಹುದಾದ ಪಕ್ಷಕ್ಕೂ ಕಾನೂನುಬದ್ಧವಾಗಿ ದೇಣಿಗೆ ನೀಡಬಹುದು. ಹಿಂದೆ ಸೂಟ್‌ಕೇಸಿನಲ್ಲಿ ಹೋಗಬೇಕಾಗಿದ್ದುದು ಈಗ ಚೆಕ್ಕಿನಲ್ಲಿ ಹೋಗಬಹುದು. ಹಳೆಯ ಪದ್ಧತಿಯ ತೆರಿಗೆಯಲ್ಲಿ ರಿಯಾಯಿತಿಯನ್ನೂ ಪಡೆಯಬಹುದು. ಹೀಗೆಯೇ ನಡೆದಿದೆ ಎಂದು ಯಾವ ಕಂಪನಿಯನ್ನೂ ಬೊಟ್ಟು ಮಾಡುವುದು ಇಲ್ಲಿನ ಉದ್ದೇಶವಲ್ಲ. ನಡೆಯದಂತೆ ತಡೆಯುವ ನಿಯಮ ಇಲ್ಲ ಎಂಬುದೇ ಆತಂಕದ ವಿಷಯ.

ಈ ಹಾದಿ ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಅಮೆರಿಕ ಕಣ್ಣೆದುರಿಗಿದೆ. ಸ್ವತಃ ಸೇನಾನಿಯಾಗಿದ್ದ ಅಧ್ಯಕ್ಷ ಐಸೆನ್‌ಹೋವರ್ 1961ರ ಜನವರಿ 17ರ ವಿದಾಯ ಭಾಷಣದಲ್ಲಿ ಸೈನ್ಯ ಮತ್ತು ಶಸ್ತ್ರೋದ್ಯಮಗಳ ಕೂಟದ ಪ್ರಭಾವದ ಬಗ್ಗೆ ದೇಶವನ್ನು ಎಚ್ಚರಿಸಿದರು. ಅಲ್ಲಿನ ಎಫ್-35 ಯುದ್ಧವಿಮಾನದ ಬಿಡಿಭಾಗಗಳ ತಯಾರಿಕೆ ಬಹುತೇಕ ಎಲ್ಲ ರಾಜ್ಯಗಳಲ್ಲಿ ಹರಡಿಕೊಂಡಿದೆ. ಆದ್ದರಿಂದ ಡೆಮಾಕ್ರಟಿಕ್, ರಿಪಬ್ಲಿಕನ್ ಎಂಬ ಭೇದವಿಲ್ಲದೆ ಸಂಸದರು ಅದನ್ನು ಬೆಂಬಲಿಸುತ್ತಾರೆ. ಅದರ ಆಯುಷ್ಯಪೂರ್ತಿಯ ವೆಚ್ಚ 2 ಲಕ್ಷ ಕೋಟಿ ಡಾಲರುಗಳನ್ನು ಮೀರಬಹುದೆಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2024ರಲ್ಲಿ ಅಂದಾಜಿಸಿತು. ಅಲ್ಲಿನ ರಕ್ಷಣಾ ಇಲಾಖೆಯ ಸಮಗ್ರ ಲೆಕ್ಕಪರಿಶೋಧನೆ 2018ರಲ್ಲಿ ಆರಂಭವಾಯಿತು. ಒಂದು ವರ್ಷವೂ ಇಲಾಖೆ ಪರಿಶೋಧಕರಿಂದ ಶುದ್ಧ ವರದಿ ಪಡೆಯಲಿಲ್ಲ. ಆದರೆ ಅದೇ ಅಮೆರಿಕ 1940ರಲ್ಲಿಯೇ ಒಂದು ಒಳ್ಳೆಯ ನಿಯಮ ಮಾಡಿತ್ತು. ಕೇಂದ್ರ ಸರ್ಕಾರದ ಗುತ್ತಿಗೆದಾರರು ಕೇಂದ್ರ ಚುನಾವಣೆಗಳಿಗೆ ದೇಣಿಗೆ ಕೊಡುವಂತಿಲ್ಲ. ಆ ನಿಯಮವನ್ನು ಸುತ್ತಿಬಳಸಿ ದಾಟುವ ಮಾರ್ಗಗಳು ಅಲ್ಲಿ ಹುಟ್ಟಿಕೊಂಡಿವೆ ನಿಜ. ಭಾರತದಲ್ಲಿ ಖಾಸಗಿ ಗುತ್ತಿಗೆದಾರರಿಗೆ ಅಂತಹ ನಿಯಮವೇ ಇಲ್ಲ.

ಎರಡು ಆಕ್ಷೇಪಗಳು

ಪಕ್ಷಗಳನ್ನು ನಡೆಸಲು ಹಣ ಬೇಕು, ನಿಷೇಧಿಸಿದರೆ ಅದು ಮತ್ತೆ ಕಪ್ಪುಹಣವಾಗುತ್ತದೆ ಎಂಬುದು ಮೊದಲನೆಯ ಆಕ್ಷೇಪ. 1969ರ ಅನುಭವ ಈ ಮಾತನ್ನು ಸಮರ್ಥಿಸುತ್ತದೆ. ಆದ್ದರಿಂದ ಬೇಕಾಗಿರುವುದು ಸಾರಾಸಗಟು ನಿಷೇಧವಲ್ಲ. ಹೆಸರು, ಮೊತ್ತ, ದಿನಾಂಕಗಳ ಬಹಿರಂಗ ದಾಖಲೆ. ಹೆಸರು ಹೊರಬಂದರೆ ವಿರೋಧಿ ಪಕ್ಷ ಸೇಡು ತೀರಿಸಿಕೊಳ್ಳುತ್ತದೆ ಎಂಬ ದೊಡ್ಡ ಕಂಪನಿಗಳ ಅಂಜಿಕೆ ಸುಳ್ಳಲ್ಲ. ಆದರೆ ಸೇಡಿಗೆ ಮದ್ದು ಕಾನೂನಿನ ರಕ್ಷಣೆಯೇ ಹೊರತು ಗೌಪ್ಯತೆಯಲ್ಲ. ಅಷ್ಟಕ್ಕೂ ಬಾಂಡುಗಳ ಕಾಲದಲ್ಲಿ ಹೆಸರು ತಿಳಿಯದೆ ಉಳಿದದ್ದು ಮತದಾರನಿಗೆ. ಹಣ ಪಡೆದವರಿಗೆ, ಕೊಟ್ಟವರೇ ಪಿಸುಮಾತಿನಲ್ಲಿ ತಿಳಿಸಲು ಅಡ್ಡಿಯೇನೂ ಇರಲಿಲ್ಲ.

ರಾಷ್ಟ್ರದ ಭದ್ರತೆಗೆ ಗೌಪ್ಯತೆ ಬೇಕು ಎಂಬುದು ಎರಡನೆಯ ಆಕ್ಷೇಪ. ಕ್ಷಿಪಣಿಯ ಮಾರ್ಗದರ್ಶಕ ಯಂತ್ರದ ವಿನ್ಯಾಸ, ರಾಡಾರಿನ ಸಾಮರ್ಥ್ಯ, ದಾಸ್ತಾನಿನ ಪ್ರಮಾಣ ಗುಟ್ಟಾಗಿರಲಿ. ಎಷ್ಟು ಮಂದಿ ಟೆಂಡರು ಸಲ್ಲಿಸಿದರು, ಷರತ್ತನ್ನು ಯಾವಾಗ ಮತ್ತು ಏಕೆ ಬದಲಿಸಲಾಯಿತು, ಆಧಾರ ಬೆಲೆಯನ್ನು ಹೇಗೆ ನಿಗದಿಪಡಿಸಲಾಯಿತು ಎಂಬ ಸಂಗತಿಗಳಿಂದ ಶತ್ರುವಿಗೆ ದೊರೆಯುವ ಅನುಕೂಲ ಹೆಚ್ಚೇನಿಲ್ಲ. ಹೆಲಿಕಾಪ್ಟರ್ ಖರೀದಿಯಲ್ಲಿ ದೋಷವಿದ್ದದ್ದು ಇಂತಹ ಸಂಗತಿಗಳಲ್ಲಿಯೇ.

ವರ್ತಕ ಸಮುದಾಯ ಕೇಳಬೇಕಾದುದು

ಪುತ್ತೂರು ವಿಧಾನಸಭಾ ಕ್ಷೇತ್ರ 2013ರಲ್ಲಿ ಕಾಂಗ್ರೆಸ್ಸನ್ನೂ 2018ರಲ್ಲಿ ಭಾರತೀಯ ಜನತಾ ಪಕ್ಷವನ್ನೂ 2023ರಲ್ಲಿ ಮತ್ತೆ ಕಾಂಗ್ರೆಸ್ಸನ್ನೂ ಆರಿಸಿತು. ಸುಳ್ಯ 1994ರಿಂದಲೂ ಒಂದೇ ಪಕ್ಷವನ್ನು ಆರಿಸುತ್ತ ಬಂದಿದೆ. ಪಕ್ಷ ಬದಲಿಸುವ ಮತದಾರರೂ ಬದಲಿಸದ ಮತದಾರರೂ ಹೀಗೆ ಅಕ್ಕಪಕ್ಕದಲ್ಲಿಯೇ ಇದ್ದಾರೆ. ದೇಣಿಗೆಯ ನಿಯಮದ ವಿಷಯದಲ್ಲಿ ಇಬ್ಬರಿಗೂ ದೊರೆತದ್ದು ಒಂದೇ ಫಲ. ಆದ್ದರಿಂದ ಈ ಬೇಡಿಕೆ ಯಾವ ಪಕ್ಷದ ಪರವೂ ಅಲ್ಲ, ವಿರೋಧವೂ ಅಲ್ಲ. ವಾಣಿಜ್ಯ ಸಂಘಗಳಂತಹ ಪಕ್ಷಾತೀತ ಸಂಸ್ಥೆಗಳೇ ಇದನ್ನು ಎತ್ತಲು ಯೋಗ್ಯವಾದವು.

ಬೇಡಿಕೆಗಳು ನಾಲ್ಕು. ಒಂದು, ಸರ್ಕಾರದ ರಕ್ಷಣಾ ಗುತ್ತಿಗೆ ಪಡೆದ ಅಥವಾ ಅದಕ್ಕೆ ಟೆಂಡರು ಸಲ್ಲಿಸಿದ ಕಂಪನಿ ಮತ್ತು ಅದರ ಸಮೂಹದ ಸಂಸ್ಥೆಗಳು ಗುತ್ತಿಗೆಯ ಅವಧಿಯಲ್ಲಿಯೂ ಅದರ ಬಳಿಕ ಕೆಲವು ವರ್ಷಗಳವರೆಗೂ ಪಕ್ಷಗಳಿಗಾಗಲಿ ಚುನಾವಣಾ ಟ್ರಸ್ಟುಗಳಿಗಾಗಲಿ ದೇಣಿಗೆ ನೀಡಬಾರದು. ಎರಡು, ಕಂಪನಿಯ ದೇಣಿಗೆಗೆ ನಿರ್ದೇಶಕ ಮಂಡಳಿಯ ನಿರ್ಣಯ ಸಾಲದು. 2015ರಲ್ಲಿ ಕಾನೂನು ಆಯೋಗದ 255ನೆಯ ವರದಿ ಸೂಚಿಸಿದಂತೆ ಷೇರುದಾರರ ಸಭೆಯ ಒಪ್ಪಿಗೆ ಬೇಕು. ಹಣ ಷೇರುದಾರರದು. ಮೂರು, ಪಕ್ಷಗಳ ಲೆಕ್ಕವನ್ನು ಪಕ್ಷಗಳೇ ನೇಮಿಸಿದ ಪರಿಶೋಧಕರ ಬದಲು ಸ್ವತಂತ್ರ ಪಟ್ಟಿಯಿಂದ ಆಯ್ಕೆಯಾದ ಪರಿಶೋಧಕರು ಪರಿಶೀಲಿಸಬೇಕು. ದೇಣಿಗೆಯ ವಿವರ ವರ್ಷ ಕಳೆದ ಮೇಲಲ್ಲ, ತಿಂಗಳೊಳಗೆ ಪ್ರಕಟವಾಗಬೇಕು. ಸಣ್ಣ ಅಂಗಡಿಯವನ ಜಿಎಸ್‌ಟಿ ವಿವರಪತ್ರ ಒಂದು ದಿನ ತಡವಾದರೆ 50 ರೂಪಾಯಿ ವಿಳಂಬ ಶುಲ್ಕ ಬೀಳುವ ದೇಶದಲ್ಲಿ ಇದು ದುಬಾರಿ ಬೇಡಿಕೆಯಲ್ಲ. ನಾಲ್ಕು, ರಕ್ಷಣಾ ಬೇಡಿಕೆಗಳನ್ನು ಗಿಲೊಟಿನ್ನಿಗೆ ಒಡ್ಡದೆ ಲೋಕಸಭೆಯಲ್ಲಿ ಪ್ರತಿ ವರ್ಷ ಕಡ್ಡಾಯವಾಗಿ ಚರ್ಚಿಸಬೇಕು.

ಕೇಳುವವರು ತಮ್ಮ ಅಂಗಳವನ್ನೂ ಗುಡಿಸಿಕೊಳ್ಳಬೇಕು. ಚುನಾವಣೆ ಬಂದಾಗ ಎಲ್ಲ ಪಕ್ಷಗಳವರೂ ಅಂಗಡಿಗಳಿಗೆ ಬರುತ್ತಾರೆ. ಯಾರನ್ನೂ ಎದುರು ಹಾಕಿಕೊಳ್ಳುವುದು ಬೇಡವೆಂದು ರಸೀದಿಯಿಲ್ಲದೆ ಎಲ್ಲರಿಗೂ ಅಷ್ಟಿಷ್ಟು ಕೊಟ್ಟು ಕಳುಹಿಸುವ ರೂಢಿ ಎಲ್ಲ ಪೇಟೆಗಳಲ್ಲಿಯೂ ಇದೆ. ದೊಡ್ಡ ಕಂಪನಿಗಳು ಕೋಟಿಗಳಲ್ಲಿ ಮಾಡುವುದನ್ನೇ ಇದು ಸಾವಿರಗಳಲ್ಲಿ ಮಾಡುತ್ತದೆ. ಕೊಡಬೇಕೆನಿಸಿದರೆ ಚೆಕ್ಕಿನ ಮೂಲಕ, ರಸೀದಿ ಪಡೆದು, ಖಾತೆಯಲ್ಲಿ ಬರೆದು ಕೊಡುವುದು ಲೇಸು. ನಗದಿನ ದೇಣಿಗೆಗೆ ತೆರಿಗೆ ರಿಯಾಯಿತಿ ಹೇಗೂ ಇಲ್ಲ. ಹೆಸರಿಗಷ್ಟೇ ಇರುವ ಪಕ್ಷಗಳ ನಕಲಿ ರಸೀದಿಗಳಿಗೆ ಆಸೆಪಟ್ಟವರನ್ನು ಆದಾಯ ತೆರಿಗೆ ಇಲಾಖೆ 2025ರಲ್ಲಿ ದೇಶದಾದ್ಯಂತ ಹುಡುಕಿ ತೆಗೆದದ್ದೂ ನೆನಪಿರಲಿ. ಕೊಡುವ ಮನಸ್ಸಿಲ್ಲದಿದ್ದರೆ ಇಲ್ಲವೆನ್ನುವ ಧೈರ್ಯ ಒಬ್ಬೊಬ್ಬರಿಗೆ ಕಷ್ಟ. ವಾಣಿಜ್ಯ ಸಂಘದ ಸದಸ್ಯರೆಲ್ಲ ಸೇರಿ ರಸೀದಿಯಿಲ್ಲದೆ ಕೊಡುವುದಿಲ್ಲವೆಂದು ನಿರ್ಣಯಿಸಿದರೆ ಅದು ಸುಲಭ.

ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯ ಮುಂದೆಯೂ ಈ ನಾಲ್ಕು ಬೇಡಿಕೆಗಳನ್ನು ಲಿಖಿತವಾಗಿ ಇಟ್ಟು, ದೊರೆತ ಉತ್ತರವನ್ನು ಸದಸ್ಯರಿಗೆ ತಿಳಿಸುವುದು ಸಂಘಗಳಿಗೆ ಅಸಾಧ್ಯವಾದ ಕೆಲಸವಲ್ಲ. ಅಡಿಕೆಯ ಚೀಲ ಎಲ್ಲಿಂದ ಬಂದು ಎಲ್ಲಿಗೆ ಹೋಯಿತೆಂದು ಬಿಲ್ಲು ತೋರಿಸಬೇಕಾದ ವರ್ತಕ, ಫಿರಂಗಿಯ ಬೆಲೆಗೂ ಪಕ್ಷದ ದೇಣಿಗೆಗೂ ಬಿಲ್ಲು ಕೇಳುವುದು ಅಧಿಕಪ್ರಸಂಗವಾಗದು. ತೆರಿಗೆ ಕಟ್ಟಿದವನಿಗೆ ಆ ಹಕ್ಕು ಇದ್ದೇ ಇದೆ.